ರಿಕವರಿ ಪ್ರಯೋಗ

ರಿಕವರಿ ಪ್ರಯೋಗವು ಕೋವಿಡ್-19 ರೋಗದಿಂದ ಆಸ್ಪತ್ರೆಗೆ ದಾಖಲಾದವರಿಗೆ ಯಾವ ಔಷಧಗಳು ಉಪಯುಕ್ತ, ಯಾವುವು ನಿರುಪಯುಕ್ತ ಎಂಬುದನ್ನು ನಿರ್ಣಯಿಸಲು 2020ರ ಮಾರ್ಚ್‌ನಲ್ಲಿ ಯುನೈಟೆಡ್ ಕಿಂಗ್‌ಡಂನಲ್ಲಿ ಆರಂಭವಾದ ಬೃಹತ್ ಚಿಕಿತ್ಸಾ ಪ್ರಯೋಗ (ಕ್ಲಿನಿಕಲ್ ಟ್ರಯಲ್). 'ರ‍್ಯಾಂಡಮೈಸ್ಡ್ ಇವ್ಯಾಲ್ಯುಯೇಷನ್ ಆಫ್ ಕೋವಿಡ್-19 ಥೆರಪಿ' ಎಂಬುದು ಇದರ ಪೂರ್ಣ ಹೆಸರು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದ ಪೀಟರ್ ಹಾರ್ಬಿ ಮತ್ತು ಮಾರ್ಟಿನ್ ಲ್ಯಾಂಡ್ರೆ ಇದರ ಮುಖ್ಯ ಸಂಶೋಧಕರು. ಡೆಕ್ಸಾಮೆಥಸೋನ್ ಎಂಬ ಅಗ್ಗದ ಸ್ಟೀರಾಯ್ಡ್ ಔಷಧವು ತೀವ್ರ ಕೋವಿಡ್ ರೋಗಿಗಳ ಮರಣ ಪ್ರಮಾಣವನ್ನು ತಗ್ಗಿಸುತ್ತದೆ ಎಂಬುದು ಈ ಪ್ರಯೋಗದ ಅತ್ಯಂತ ಪ್ರಸಿದ್ಧ ಫಲಿತಾಂಶ. ಹೈಡ್ರಾಕ್ಸಿಕ್ಲೋರೋಕ್ವಿನ್, ಪ್ಲಾಸ್ಮಾ ಚಿಕಿತ್ಸೆ ಮೊದಲಾದ ವ್ಯಾಪಕವಾಗಿ ಬಳಕೆಯಲ್ಲಿದ್ದ ಚಿಕಿತ್ಸೆಗಳಿಂದ ಆಸ್ಪತ್ರೆಯ ರೋಗಿಗಳಿಗೆ ಪ್ರಯೋಜನವಿಲ್ಲವೆಂದೂ ಇದು ತೋರಿಸಿತು. ನೂರಾರು ಆಸ್ಪತ್ರೆಗಳ ಸಹಯೋಗ, ಸರಳಗೊಳಿಸಿದ ವಿಧಾನ ಮತ್ತು ವೇಗ ಇವುಗಳ ಕಾರಣದಿಂದ ಚಿಕಿತ್ಸಾ ಪ್ರಯೋಗಗಳ ಸುಧಾರಣೆಯ ಕುರಿತ ಚರ್ಚೆಗಳಲ್ಲಿ ರಿಕವರಿ ಪ್ರಯೋಗವನ್ನು ಮಾದರಿಯಾಗಿ ಉಲ್ಲೇಖಿಸಲಾಗುತ್ತದೆ.

ಹಿನ್ನೆಲೆ

2020ರ ಆರಂಭದಲ್ಲಿ ಕೋವಿಡ್-19ಕ್ಕೆ ಪರಿಣಾಮಕಾರಿಯೆಂದು ಸಿದ್ಧಪಟ್ಟ ಯಾವುದೇ ಔಷಧವಿರಲಿಲ್ಲ. ಬೇರೆ ರೋಗಗಳಿಗೆ ಬಳಕೆಯಲ್ಲಿದ್ದ ಹಲವು ಔಷಧಗಳನ್ನು ವೈದ್ಯರು ಊಹೆಯ ಆಧಾರದ ಮೇಲೆ ನೀಡತೊಡಗಿದರು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2020ರ ಮಾರ್ಚ್ 28ರಂದು ಹೈಡ್ರಾಕ್ಸಿಕ್ಲೋರೋಕ್ವಿನ್‌ನ ತುರ್ತು ಬಳಕೆಗೆ ಅನುಮತಿ ನೀಡಿತು. ಭಾರತದಲ್ಲಿಯೂ ಅದೇ ತಿಂಗಳು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಕಾರ್ಯಪಡೆಯು ಕೋವಿಡ್ ರೋಗಿಗಳನ್ನು ಆರೈಕೆ ಮಾಡುವ ಆರೋಗ್ಯ ಕಾರ್ಯಕರ್ತರಿಗೆ ಮುಂಜಾಗ್ರತೆಯಾಗಿ ಇದೇ ಔಷಧವನ್ನು ಶಿಫಾರಸು ಮಾಡಿತು.

ಔಷಧ ಪಡೆದವರು ಗುಣಮುಖರಾದರು ಎಂಬ ಅನುಭವದಿಂದ ಮಾತ್ರ ಅದರ ಪರಿಣಾಮವನ್ನು ಅಳೆಯಲಾಗದು. ರಿಕವರಿ ಪ್ರಯೋಗದ ಆರಂಭಿಕ ಹಂತದಲ್ಲಿ ಸಾಮಾನ್ಯ ಆರೈಕೆಯನ್ನಷ್ಟೇ ಪಡೆದ ರೋಗಿಗಳಲ್ಲಿ ಸರಿಸುಮಾರು ನಾಲ್ವರಲ್ಲಿ ಒಬ್ಬರು 28 ದಿನಗಳೊಳಗೆ ಮೃತಪಟ್ಟರು; ಉಳಿದ ಮೂವರು ಬದುಕುಳಿದರು. ಅಂದರೆ, ಏನೂ ಪ್ರಯೋಜನವಿಲ್ಲದ ಔಷಧವನ್ನು ಕೊಟ್ಟಿದ್ದರೂ ನಾಲ್ಕರಲ್ಲಿ ಮೂರು ಪಾಲು ರೋಗಿಗಳು ಆ ಔಷಧದಿಂದಲೇ ಬದುಕಿದಂತೆ ವೈದ್ಯರಿಗೂ ಕುಟುಂಬದವರಿಗೂ ತೋರುತ್ತಿತ್ತು. ಈ ಭ್ರಮೆಯನ್ನು ನಿವಾರಿಸಲು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ರೋಗಿಗಳನ್ನು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಔಷಧವನ್ನು ನೀಡಿ, ಮತ್ತೊಂದು ಗುಂಪಿನೊಡನೆ ಹೋಲಿಸಬೇಕಾಗುತ್ತದೆ. ಹೀಗೆ ವಿಂಗಡಿಸಿದಾಗ ವಯಸ್ಸು, ರೋಗದ ತೀವ್ರತೆ, ಇತರ ಕಾಯಿಲೆಗಳು ಎರಡೂ ಗುಂಪುಗಳಲ್ಲಿ ಸರಿಸಮವಾಗಿ ಹಂಚಿಹೋಗುತ್ತವೆ.

ಹೋಲಿಕೆಯ ಗುಂಪುಗಳು ದೊಡ್ಡದಾಗಿರುವುದೂ ಅಷ್ಟೇ ಮುಖ್ಯ. ಒಂದು ಔಷಧವು ಮರಣ ಪ್ರಮಾಣವನ್ನು ಶೇಕಡ 25ರಿಂದ 22ಕ್ಕೆ ಇಳಿಸುತ್ತದೆ ಎಂದು ಭಾವಿಸಿದರೆ, ನೂರು ನೂರು ಜನರ ಎರಡು ಗುಂಪುಗಳ ನಡುವೆ ಕಾಣುವ ವ್ಯತ್ಯಾಸ ಮೂರು ಸಾವುಗಳದ್ದು ಮಾತ್ರ. ಇಷ್ಟು ವ್ಯತ್ಯಾಸ ಕೇವಲ ಆಕಸ್ಮಿಕವಾಗಿಯೂ ಉಂಟಾಗಬಹುದು. ಆದರೆ ಲಕ್ಷಾಂತರ ರೋಗಿಗಳಿರುವ ಸಾಂಕ್ರಾಮಿಕದಲ್ಲಿ ಶೇಕಡ 3ರ ಇಳಿಕೆಯೆಂದರೆ ಸಾವಿರಾರು ಜೀವಗಳು. ಇಂತಹ ಸಾಧಾರಣ ಪರಿಣಾಮವನ್ನು ಖಚಿತವಾಗಿ ಗುರುತಿಸಲು ಸಾವಿರಾರು ರೋಗಿಗಳು ಬೇಕು. ಒಂದೊಂದು ಆಸ್ಪತ್ರೆ ಪ್ರತ್ಯೇಕವಾಗಿ ನಡೆಸುವ ಪ್ರಯೋಗದಿಂದ ಇದು ಸಾಧ್ಯವಾಗುವುದಿಲ್ಲ.

ಪೂರ್ವ ಪರಂಪರೆ

ಬ್ರಿಟನ್‌ನಲ್ಲಿ ಇಂತಹ ಪ್ರಯೋಗಗಳಿಗೆ ದೀರ್ಘ ಇತಿಹಾಸವಿದೆ. ವೈದ್ಯಕೀಯ ಸಂಶೋಧನಾ ಮಂಡಳಿಯು ಕ್ಷಯರೋಗಕ್ಕೆ ಸ್ಟ್ರೆಪ್ಟೋಮೈಸಿನ್ ಔಷಧವನ್ನು ಪರೀಕ್ಷಿಸಿ 1948ರಲ್ಲಿ ಪ್ರಕಟಿಸಿದ ಅಧ್ಯಯನವು ಆಧುನಿಕ ಯಾದೃಚ್ಛಿಕ ನಿಯಂತ್ರಿತ ಪ್ರಯೋಗಗಳ ಮೊದಲ ಮಾದರಿಗಳಲ್ಲೊಂದು. ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಅದರ ವಿನ್ಯಾಸದಲ್ಲಿ ಪ್ರಮುಖ ಪಾತ್ರ ವಹಿಸಿದ್ದರು.

1980ರ ದಶಕದಲ್ಲಿ ಆಕ್ಸ್‌ಫರ್ಡ್‌ನ ರಿಚರ್ಡ್ ಪೀಟೋ, ರೋರಿ ಕಾಲಿನ್ಸ್, ಪೀಟರ್ ಸ್ಲೈಟ್, ಸಲೀಂ ಯೂಸುಫ್ ಮೊದಲಾದವರು 'ದೊಡ್ಡ, ಸರಳ ಪ್ರಯೋಗ' ಎಂಬ ಪರಿಕಲ್ಪನೆಯನ್ನು ರೂಪಿಸಿದರು. ಪ್ರತಿ ರೋಗಿಯಿಂದ ಅತ್ಯಗತ್ಯವಾದ ಮಾಹಿತಿಯನ್ನಷ್ಟೇ ಸಂಗ್ರಹಿಸಿದರೆ ಕಾರ್ಯನಿರತ ಆಸ್ಪತ್ರೆಗಳೂ ಪಾಲ್ಗೊಳ್ಳಬಹುದು ಎಂಬುದು ಅದರ ತಿರುಳು. ಕೇರಳದಲ್ಲಿ ಜನಿಸಿದ ಯೂಸುಫ್ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ವೈದ್ಯಕೀಯ ಶಿಕ್ಷಣ ಪಡೆದು ಆಕ್ಸ್‌ಫರ್ಡ್‌ಗೆ ತೆರಳಿದ್ದರು. ಈ ಪರಂಪರೆಯ ಐಸಿಸ್-2 ಪ್ರಯೋಗದಲ್ಲಿ 417 ಆಸ್ಪತ್ರೆಗಳ 17,187 ಹೃದಯಾಘಾತ ರೋಗಿಗಳು ಪಾಲ್ಗೊಂಡರು. ಆಸ್ಪಿರಿನ್ ಮತ್ತು ಸ್ಟ್ರೆಪ್ಟೋಕೈನೇಸ್ ಹೃದಯಾಘಾತದ ಸಾವುಗಳನ್ನು ತಗ್ಗಿಸುತ್ತವೆ ಎಂಬುದನ್ನು ಅದು 1988ರಲ್ಲಿ ದೃಢಪಡಿಸಿತು.

ದೊಡ್ಡ ಪ್ರಯೋಗಗಳು ರೂಢಿಯಲ್ಲಿರುವ ಚಿಕಿತ್ಸೆಯ ಅಪಾಯವನ್ನೂ ಬಯಲಿಗೆ ತರಬಲ್ಲವು. ತಲೆಗೆ ಪೆಟ್ಟು ಬಿದ್ದವರಿಗೆ ಸ್ಟೀರಾಯ್ಡ್ ನೀಡುವ ಪದ್ಧತಿ ಹಲವು ದಶಕಗಳಿಂದ ಬಳಕೆಯಲ್ಲಿತ್ತು. 2004ರಲ್ಲಿ ಪ್ರಕಟವಾದ, 10,008 ರೋಗಿಗಳನ್ನೊಳಗೊಂಡ ಕ್ರ್ಯಾಶ್ ಪ್ರಯೋಗದಲ್ಲಿ ಸ್ಟೀರಾಯ್ಡ್ ಪಡೆದವರ ಪೈಕಿ ಎರಡು ವಾರಗಳೊಳಗೆ ಶೇಕಡ 21.1ರಷ್ಟು ಜನ ಮೃತಪಟ್ಟರೆ, ಪ್ಲಸೀಬೊ ಪಡೆದವರಲ್ಲಿ ಆ ಪ್ರಮಾಣ ಶೇಕಡ 17.9 ಆಗಿತ್ತು.

ಆರಂಭ

ಪ್ರಯೋಗದ ಮೊದಲ ಕರಡು 2020ರ ಮಾರ್ಚ್ 10ರಂದು ಸಿದ್ಧವಾಯಿತು. ಒಂಬತ್ತು ದಿನಗಳ ನಂತರ, ಮಾರ್ಚ್ 19ರಂದು, ಮೊದಲ ರೋಗಿಯ ನೋಂದಣಿಯಾಯಿತು. ಸಾಮಾನ್ಯ ಸಂದರ್ಭಗಳಲ್ಲಿ ಧನಸಹಾಯ, ನೈತಿಕ ಸಮಿತಿಯ ಒಪ್ಪಿಗೆ, ಔಷಧ ನಿಯಂತ್ರಕರ ಅನುಮತಿ ಮತ್ತು ಪ್ರತಿ ಆಸ್ಪತ್ರೆಯೊಡನೆ ಒಪ್ಪಂದ ಇವೆಲ್ಲ ಒಂದರ ನಂತರ ಒಂದರಂತೆ ನಡೆದು ತಿಂಗಳುಗಳೇ ಹಿಡಿಯುತ್ತವೆ. ಇಲ್ಲಿ ಅವು ಏಕಕಾಲದಲ್ಲಿ ನಡೆದವು. ಪರಿಶೀಲನೆಯ ಯಾವ ಹಂತವನ್ನೂ ಕೈಬಿಡಲಿಲ್ಲ. ಹಂತಗಳ ನಡುವಿನ ಕಾಯುವಿಕೆಯನ್ನು ಕಡಿಮೆ ಮಾಡಲಾಯಿತು. ಸರ್ಕಾರಿ ಸಂಶೋಧನಾ ಸಂಸ್ಥೆಗಳು ಆರಂಭಿಕವಾಗಿ 21 ಲಕ್ಷ ಪೌಂಡುಗಳ ನೆರವು ನೀಡಿದವು.

ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡ್‌ಗಳ ಮುಖ್ಯ ವೈದ್ಯಾಧಿಕಾರಿಗಳು ಆಸ್ಪತ್ರೆಗಳಿಗೆ ಜಂಟಿಯಾಗಿ ಪತ್ರ ಬರೆದು, ರೋಗಿಗಳನ್ನು ರಾಷ್ಟ್ರೀಯ ಆದ್ಯತೆಯ ಪ್ರಯೋಗಗಳಿಗೆ ಸೇರಿಸುವಂತೆಯೂ, ಸಿದ್ಧಪಡದ ಔಷಧಗಳನ್ನು ಪ್ರಯೋಗದ ಹೊರಗೆ ನೀಡದಿರುವಂತೆಯೂ ಕೋರಿದರು. ರಾಷ್ಟ್ರೀಯ ಆರೋಗ್ಯ ಸೇವೆಯ ಆಸ್ಪತ್ರೆಗಳಲ್ಲಿ ಮೊದಲೇ ನೆಲೆಗೊಂಡಿದ್ದ ಸಂಶೋಧನಾ ದಾದಿಯರ ಜಾಲವು ನೋಂದಣಿಯ ಹೊಣೆಯನ್ನು ಹೊತ್ತುಕೊಂಡಿತು. ಇದರ ಫಲವಾಗಿ 2020ರ ಜೂನ್ ಮಧ್ಯದ ವೇಳೆಗೆ 175ಕ್ಕೂ ಹೆಚ್ಚು ಆಸ್ಪತ್ರೆಗಳಿಂದ 11,500ಕ್ಕೂ ಹೆಚ್ಚು ರೋಗಿಗಳು ಪ್ರಯೋಗಕ್ಕೆ ಸೇರಿದ್ದರು.

ವಿನ್ಯಾಸ

ರಿಕವರಿ ಪ್ರಯೋಗದ ವಿನ್ಯಾಸದ ಮುಖ್ಯ ಲಕ್ಷಣಗಳು ಹೀಗಿವೆ:

• ಒಂದೇ ವೇದಿಕೆ, ಹಲವು ಔಷಧಗಳು: ಪ್ರತಿ ಔಷಧಕ್ಕೂ ಪ್ರತ್ಯೇಕ ಪ್ರಯೋಗವನ್ನು ಕಟ್ಟುವ ಬದಲು ಒಂದೇ ಚೌಕಟ್ಟಿನಲ್ಲಿ ಹಲವು ಔಷಧಗಳನ್ನು ಪರೀಕ್ಷಿಸಲಾಯಿತು. ಉತ್ತರ ದೊರೆತ ಔಷಧದ ವಿಭಾಗವನ್ನು ಮುಚ್ಚಿ ಹೊಸ ಔಷಧವನ್ನು ಸೇರಿಸಲು ಅವಕಾಶವಿತ್ತು. ಸಾಮಾನ್ಯ ಆರೈಕೆಯ ಗುಂಪನ್ನು ಹಲವು ಔಷಧಗಳೊಡನೆ ಹೋಲಿಸಬಹುದಾಗಿದ್ದರಿಂದ ಬೇಕಾಗುವ ರೋಗಿಗಳ ಸಂಖ್ಯೆಯೂ ತಗ್ಗಿತು.

• ಸರಳ ದಾಖಲೆ: ನೋಂದಣಿಗೆ ಚಿಕ್ಕದೊಂದು ನಮೂನೆಯನ್ನು ಅಂತರ್ಜಾಲದ ಮೂಲಕ ತುಂಬಿದರೆ ಸಾಕಿತ್ತು. ರೋಗಿಯು ಆಸ್ಪತ್ರೆಯಿಂದ ಬಿಡುಗಡೆಯಾದಾಗ, ಮೃತಪಟ್ಟಾಗ ಅಥವಾ 28 ದಿನಗಳು ತುಂಬಿದಾಗ ಮತ್ತೊಂದು ನಮೂನೆ. ಉಳಿದ ಮಾಹಿತಿಯನ್ನು ರಾಷ್ಟ್ರೀಯ ಆರೋಗ್ಯ ಸೇವೆಯ ದಾಖಲೆಗಳಿಂದಲೂ ಮರಣ ನೋಂದಣಿಯಿಂದಲೂ ಪಡೆಯಲಾಯಿತು.

• ಸ್ಪಷ್ಟ ಅಳತೆ: 28 ದಿನಗಳೊಳಗೆ ರೋಗಿಯು ಬದುಕಿದ್ದಾನೆಯೇ ಇಲ್ಲವೇ ಎಂಬುದೇ ಪ್ರಧಾನ ಪ್ರಶ್ನೆ. ಇದರಲ್ಲಿ ವೈದ್ಯರ ಅಭಿಪ್ರಾಯಭೇದಕ್ಕೆ ಎಡೆಯಿಲ್ಲ.

• ವಿಶಾಲ ಪ್ರವೇಶ: ವಯಸ್ಸಿಗೆ ಮೇಲ್ಮಿತಿ ಇರಲಿಲ್ಲ. ಸಾಮಾನ್ಯವಾಗಿ ಪ್ರಯೋಗಗಳಿಂದ ಹೊರಗುಳಿಯುವ ಗರ್ಭಿಣಿಯರಿಗೂ, 2020ರ ಮೇ ತಿಂಗಳಿನಿಂದ ಮಕ್ಕಳಿಗೂ ಪ್ರವೇಶವಿತ್ತು.

• ಮಾಹಿತಿಪೂರ್ವಕ ಸಮ್ಮತಿ: ಸುಲಭ ಭಾಷೆಯ ಚಿಕ್ಕ ಮಾಹಿತಿಪತ್ರವನ್ನು ನೀಡಿ ರೋಗಿಯ ಒಪ್ಪಿಗೆ ಪಡೆಯಲಾಗುತ್ತಿತ್ತು. ರೋಗಿಯು ಒಪ್ಪಿಗೆ ನೀಡುವ ಸ್ಥಿತಿಯಲ್ಲಿ ಇಲ್ಲದಿದ್ದಾಗ ಕಾನೂನುಬದ್ಧ ಪ್ರತಿನಿಧಿಯ ಸಮ್ಮತಿ ಅಗತ್ಯವಾಗಿತ್ತು.

• ಸ್ವತಂತ್ರ ಮೇಲ್ವಿಚಾರಣೆ: ಯಾವ ಗುಂಪಿನಲ್ಲಿ ಎಷ್ಟು ಸಾವುಗಳಾಗುತ್ತಿವೆ ಎಂಬುದು ಪ್ರಯೋಗ ನಡೆಸುವವರಿಗೇ ತಿಳಿದಿರಲಿಲ್ಲ. ಸ್ವತಂತ್ರ ದತ್ತಾಂಶ ಸಮಿತಿಯೊಂದು ನಿಯತವಾಗಿ ಅಂಕಿಅಂಶಗಳನ್ನು ಪರಿಶೀಲಿಸುತ್ತಿತ್ತು. ಸ್ಪಷ್ಟ ಹಾನಿ ಅಥವಾ ಲಾಭ ಕಂಡುಬಂದರೆ ಮಾತ್ರ ಅದು ಸಂಶೋಧಕರಿಗೆ ತಿಳಿಸಬೇಕಾಗಿತ್ತು.

ಫಲಿತಾಂಶಗಳು

ಹೈಡ್ರಾಕ್ಸಿಕ್ಲೋರೋಕ್ವಿನ್

2020ರ ಮೇ 22ರಂದು ವೈದ್ಯಕೀಯ ಪತ್ರಿಕೆ 'ದಿ ಲ್ಯಾನ್ಸೆಟ್'ನಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್‌ನಿಂದ ಸಾವುಗಳು ಹೆಚ್ಚುತ್ತವೆ ಎಂಬ ಲೇಖನವೊಂದು ಪ್ರಕಟವಾಯಿತು. ಅದು ಯಾದೃಚ್ಛಿಕ ಪ್ರಯೋಗವಾಗಿರಲಿಲ್ಲ. ಆಸ್ಪತ್ರೆ ದಾಖಲೆಗಳನ್ನು ಆಧರಿಸಿದ್ದೆಂದು ಹೇಳಿಕೊಂಡಿತ್ತು. ವಿಶ್ವ ಆರೋಗ್ಯ ಸಂಸ್ಥೆಯು ತನ್ನ ಸಾಲಿಡಾರಿಟಿ ಪ್ರಯೋಗದಲ್ಲಿ ಈ ಔಷಧದ ಪರೀಕ್ಷೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ರಿಕವರಿಯ ದತ್ತಾಂಶ ಸಮಿತಿಯು ತನ್ನಲ್ಲಿದ್ದ ಅಂಕಿಅಂಶಗಳನ್ನು ನೋಡಿ, ನಿಲ್ಲಿಸಲು ಕಾರಣವಿಲ್ಲವೆಂದು ತೀರ್ಮಾನಿಸಿತು. ಲೇಖನದ ಮೂಲ ದತ್ತಾಂಶವನ್ನು ದೃಢಪಡಿಸಲಾಗದೆ ಅದನ್ನು ಜೂನ್ 4ರಂದು ಹಿಂತೆಗೆದುಕೊಳ್ಳಲಾಯಿತು. ಮರುದಿನವೇ ರಿಕವರಿ ಸಂಶೋಧಕರು ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಅಂತಿಮ ವಿಶ್ಲೇಷಣೆಯಲ್ಲಿ ಔಷಧ ಪಡೆದ 1,561 ಜನರಲ್ಲಿ ಶೇಕಡ 27.0ರಷ್ಟು, ಸಾಮಾನ್ಯ ಆರೈಕೆಯ 3,155 ಜನರಲ್ಲಿ ಶೇಕಡ 25.0ರಷ್ಟು ಮಂದಿ ಮೃತಪಟ್ಟಿದ್ದರು. ಔಷಧದಿಂದ ಲಾಭವಿಲ್ಲವೆಂಬುದು ಖಚಿತವಾಯಿತು. ಅಮೆರಿಕವು ತುರ್ತು ಬಳಕೆಯ ಅನುಮತಿಯನ್ನು ಜೂನ್ 15ರಂದು ಹಿಂತೆಗೆದುಕೊಂಡಿತು.

ಡೆಕ್ಸಾಮೆಥಸೋನ್

ಡೆಕ್ಸಾಮೆಥಸೋನ್ ಹಲವು ದಶಕಗಳಿಂದ ಬಳಕೆಯಲ್ಲಿರುವ, ಪೇಟೆಂಟ್ ರಕ್ಷಣೆಯಿಲ್ಲದ, ಎಲ್ಲ ದೇಶಗಳಲ್ಲೂ ಸುಲಭವಾಗಿ ಸಿಗುವ ಸ್ಟೀರಾಯ್ಡ್. ವೈರಸ್ ಸೋಂಕಿನಲ್ಲಿ ಸ್ಟೀರಾಯ್ಡ್ ನೀಡಿದರೆ ದೇಹದ ರೋಗನಿರೋಧಕ ಶಕ್ತಿ ಕುಗ್ಗಿ ಹಾನಿಯಾಗಬಹುದೆಂಬ ಆತಂಕವಿತ್ತು. ಶ್ವಾಸಕೋಶದ ಅತಿಯಾದ ಉರಿಯೂತವನ್ನು ಅದು ತಗ್ಗಿಸಬಹುದೆಂಬ ವಾದವೂ ಇತ್ತು. ಪ್ರಯೋಗದಲ್ಲಿ 2,104 ರೋಗಿಗಳಿಗೆ ದಿನಕ್ಕೆ 6 ಮಿಲಿಗ್ರಾಂನಂತೆ ಗರಿಷ್ಠ 10 ದಿನ ಈ ಔಷಧವನ್ನು ನೀಡಿ, ಸಾಮಾನ್ಯ ಆರೈಕೆಯ 4,321 ರೋಗಿಗಳೊಡನೆ ಹೋಲಿಸಲಾಯಿತು. 2020ರ ಜೂನ್ 16ರಂದು ಮೊದಲ ಫಲಿತಾಂಶ ಹೊರಬಿದ್ದಿತು.

ಪರಿಣಾಮವು ರೋಗದ ತೀವ್ರತೆಯನ್ನು ಅವಲಂಬಿಸಿತ್ತು. ವೆಂಟಿಲೇಟರ್‌ನಲ್ಲಿದ್ದವರ ಮರಣ ಪ್ರಮಾಣ ಶೇಕಡ 41.4ರಿಂದ 29.3ಕ್ಕೆ ಇಳಿಯಿತು, ಅಂದರೆ ಅಂಥ ಎಂಟು ರೋಗಿಗಳಿಗೆ ಚಿಕಿತ್ಸೆ ನೀಡಿದರೆ ಸುಮಾರು ಒಂದು ಸಾವು ತಪ್ಪುತ್ತದೆ. ಆಮ್ಲಜನಕ ಪಡೆಯುತ್ತಿದ್ದವರಲ್ಲಿ ಅದು ಶೇಕಡ 26.2ರಿಂದ 23.3ಕ್ಕೆ ಇಳಿಯಿತು. ಆಮ್ಲಜನಕದ ಅಗತ್ಯವಿಲ್ಲದವರಲ್ಲಿ ಯಾವ ಲಾಭವೂ ಕಾಣಲಿಲ್ಲ. ಅವರಲ್ಲಿ ಔಷಧ ಪಡೆದವರ ಮರಣ ಪ್ರಮಾಣ ಶೇಕಡ 17.8, ಪಡೆಯದವರದ್ದು ಶೇಕಡ 14.0 ಆಗಿದ್ದು, ಈ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದಾದರೂ ಹಾನಿಯ ಸಾಧ್ಯತೆಯನ್ನು ತಳ್ಳಿಹಾಕುವಂತಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2020ರ ಸೆಪ್ಟೆಂಬರ್ 2ರಂದು ತೀವ್ರ ರೋಗಿಗಳಿಗೆ ಸ್ಟೀರಾಯ್ಡ್ ನೀಡಬೇಕೆಂದೂ, ತೀವ್ರವಲ್ಲದ ರೋಗಕ್ಕೆ ನೀಡಬಾರದೆಂದೂ ಸಲಹೆ ಮಾಡಿತು. ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆಯ 2021ರ ಮಾರ್ಚ್‌ನ ಅಂದಾಜಿನಂತೆ, ಈ ಔಷಧವು ಯುನೈಟೆಡ್ ಕಿಂಗ್‌ಡಂನಲ್ಲಿ 22,000 ಮತ್ತು ಜಗತ್ತಿನಾದ್ಯಂತ ಹತ್ತು ಲಕ್ಷ ಜೀವಗಳನ್ನು ಉಳಿಸಿತ್ತು.

ಇತರ ಚಿಕಿತ್ಸೆಗಳು

ಸಂಧಿವಾತಕ್ಕೆ ಬಳಸುವ ಟೋಸಿಲಿಜುಮ್ಯಾಬ್ ಔಷಧದ ಕುರಿತ ಚಿಕ್ಕ ಪ್ರಯೋಗಗಳು ಪರಸ್ಪರ ವಿರುದ್ಧ ಫಲಿತಾಂಶಗಳನ್ನು ನೀಡಿದ್ದವು. 4,116 ರೋಗಿಗಳನ್ನೊಳಗೊಂಡ ರಿಕವರಿಯ ಹೋಲಿಕೆಯಲ್ಲಿ ಮರಣ ಪ್ರಮಾಣ ಶೇಕಡ 35ರಿಂದ 31ಕ್ಕೆ ಇಳಿದಿರುವುದು 2021ರ ಫೆಬ್ರವರಿಯಲ್ಲಿ ತಿಳಿದುಬಂದಿತು. ಬ್ಯಾರಿಸಿಟಿನಿಬ್ ಔಷಧವು ಅದನ್ನು ಶೇಕಡ 14ರಿಂದ 12ಕ್ಕೆ ಇಳಿಸಿತು. ಎರಡು ಪ್ರತಿಕಾಯಗಳ ಮಿಶ್ರಣವೊಂದು, ತಮ್ಮದೇ ಪ್ರತಿಕಾಯಗಳನ್ನು ಇನ್ನೂ ಉತ್ಪಾದಿಸದಿದ್ದ ರೋಗಿಗಳಲ್ಲಿ ಮರಣ ಪ್ರಮಾಣವನ್ನು ಶೇಕಡ 30ರಿಂದ 24ಕ್ಕೆ ತಗ್ಗಿಸಿತು.

ಲೋಪಿನಾವಿರ್-ರಿಟೋನಾವಿರ್, ಅಜಿತ್ರೋಮೈಸಿನ್, ಆಸ್ಪಿರಿನ್ ಮತ್ತು ಕಾಲ್ಚಿಸಿನ್ ಮರಣ ಪ್ರಮಾಣವನ್ನು ತಗ್ಗಿಸಲಿಲ್ಲ. ಗುಣಮುಖರಾದವರ ರಕ್ತದಿಂದ ಪಡೆದ ಪ್ಲಾಸ್ಮಾವನ್ನು 5,795 ರೋಗಿಗಳಿಗೆ ನೀಡಿ 5,763 ರೋಗಿಗಳೊಡನೆ ಹೋಲಿಸಿದಾಗ ಎರಡೂ ಗುಂಪುಗಳಲ್ಲಿ ಮರಣ ಪ್ರಮಾಣ ಶೇಕಡ 24 ಆಗಿತ್ತು. ಇಂತಹ ನಕಾರಾತ್ಮಕ ಫಲಿತಾಂಶಗಳು ರೋಗಿಗಳನ್ನು ಅನಗತ್ಯ ಅಡ್ಡಪರಿಣಾಮಗಳಿಂದಲೂ ಆಸ್ಪತ್ರೆಗಳನ್ನು ವ್ಯರ್ಥ ವೆಚ್ಚದಿಂದಲೂ ಪಾರುಮಾಡುತ್ತವೆ.

ಭಾರತದ ಸಂದರ್ಭ

ಪ್ಲಾಸ್ಮಾ ಚಿಕಿತ್ಸೆಯ ವಿಷಯದಲ್ಲಿ ಭಾರತದ ಕೊಡುಗೆ ಮಹತ್ವದ್ದು. ಐಸಿಎಂಆರ್ 2020ರ ಏಪ್ರಿಲ್‌ನಿಂದ ಜುಲೈವರೆಗೆ ದೇಶದ 39 ಆಸ್ಪತ್ರೆಗಳಲ್ಲಿ 464 ರೋಗಿಗಳೊಡನೆ ನಡೆಸಿದ ಪ್ಲಾಸಿಡ್ ಪ್ರಯೋಗವು, ಪ್ಲಾಸ್ಮಾದಿಂದ ರೋಗ ಉಲ್ಬಣಗೊಳ್ಳುವುದಾಗಲಿ ಸಾವಾಗಲಿ ಕಡಿಮೆಯಾಗುವುದಿಲ್ಲವೆಂದು ರಿಕವರಿಗಿಂತ ಮೊದಲೇ ತೋರಿಸಿತ್ತು. ಆದರೂ ಚಿಕಿತ್ಸೆ ಮುಂದುವರಿಯಿತು. 2021ರ ಎರಡನೆಯ ಅಲೆಯಲ್ಲಿ ಪ್ಲಾಸ್ಮಾ ದಾನಿಗಳಿಗಾಗಿ ರೋಗಿಗಳ ಬಂಧುಗಳು ಸಾಮಾಜಿಕ ಜಾಲತಾಣಗಳಲ್ಲಿ ಮೊರೆಯಿಡುತ್ತಿದ್ದರು. ರಿಕವರಿಯ ಫಲಿತಾಂಶವೂ ಪ್ರಕಟವಾದ ಬಳಿಕ, 2021ರ ಮೇ 17ರಂದು ಪ್ಲಾಸ್ಮಾವನ್ನು ರಾಷ್ಟ್ರೀಯ ಚಿಕಿತ್ಸಾ ಮಾರ್ಗಸೂಚಿಯಿಂದ ಕೈಬಿಡಲಾಯಿತು. ಸಾಕ್ಷ್ಯ ದೊರೆಯುವುದಕ್ಕೂ ಅದು ಆಚರಣೆಗೆ ಬರುವುದಕ್ಕೂ ನಡುವಿನ ಅಂತರಕ್ಕೆ ಇದೊಂದು ನಿದರ್ಶನ.

ಕೇಂದ್ರ ಆರೋಗ್ಯ ಸಚಿವಾಲಯವು 2020ರ ಜೂನ್ 27ರಂದು ಡೆಕ್ಸಾಮೆಥಸೋನ್ ಅನ್ನು ಮಾರ್ಗಸೂಚಿಗೆ ಸೇರಿಸಿತು. ಆದರೆ ಸೌಮ್ಯ ರೋಗಲಕ್ಷಣಗಳಿದ್ದವರೂ ಸ್ಟೀರಾಯ್ಡ್ ಸೇವಿಸಿದ, ಅಧಿಕ ಪ್ರಮಾಣದಲ್ಲಿ ದೀರ್ಘಕಾಲ ಬಳಸಿದ ಪ್ರಕರಣಗಳು ಎರಡನೆಯ ಅಲೆಯಲ್ಲಿ ಹೆಚ್ಚಾಗಿ ಕಂಡುಬಂದವು. ಆ ಸಮಯದಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳಲ್ಲಿ ಹರಡಿದ ಮ್ಯೂಕರ್‌ಮೈಕೋಸಿಸ್ (ಕಪ್ಪು ಶಿಲೀಂಧ್ರ) ರೋಗಕ್ಕೆ ನಿಯಂತ್ರಣದಲ್ಲಿಲ್ಲದ ಮಧುಮೇಹದ ಜೊತೆಗೆ ಸ್ಟೀರಾಯ್ಡ್‌ಗಳ ಅತಿಬಳಕೆಯೂ ಕಾರಣವೆಂದು ತಜ್ಞರು ಗುರುತಿಸಿದರು.

ಭಾರತದಲ್ಲಿ ಚಿಕಿತ್ಸಾ ಪ್ರಯೋಗಗಳ ಸುಧಾರಣೆ ಇದಕ್ಕಿಂತ ಹಿಂದೆಯೇ ಆರಂಭವಾಗಿತ್ತು. ಭಾರತೀಯ ಚಿಕಿತ್ಸಾ ಪ್ರಯೋಗ ನೋಂದಣಿಯು 2007ರ ಜುಲೈ 20ರಂದು ಆರಂಭಗೊಂಡಿತು. 2009ರ ಜೂನ್ 15ರಿಂದ ನೋಂದಣಿ ಕಡ್ಡಾಯವಾಯಿತು. 2019ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಹೊಸ ಔಷಧಗಳು ಮತ್ತು ಚಿಕಿತ್ಸಾ ಪ್ರಯೋಗಗಳ ನಿಯಮಾವಳಿಯು ನೈತಿಕ ಸಮಿತಿಗಳ ನೋಂದಣಿ, ಪ್ರಯೋಗದಿಂದ ಹಾನಿಗೊಳಗಾದವರಿಗೆ ಪರಿಹಾರ ಮತ್ತು ಅರ್ಜಿಗಳ ಇತ್ಯರ್ಥಕ್ಕೆ ಕಾಲಮಿತಿ ಇವುಗಳನ್ನು ನಿಗದಿಪಡಿಸಿತು. ಆಸ್ಪತ್ರೆಗಳು ಒಗ್ಗೂಡಿ ಪ್ರಯೋಗ ನಡೆಸಲು ಐಸಿಎಂಆರ್ 'ಇಂಟೆಂಟ್' ಎಂಬ ಜಾಲವನ್ನು ರೂಪಿಸಿದೆ.

ಟೀಕೆಗಳು ಮತ್ತು ಮಿತಿಗಳು

ಪ್ರಯೋಗದಲ್ಲಿ ಪ್ಲಸೀಬೊ ಬಳಸದೆ ಇದ್ದುದರಿಂದ ಯಾರಿಗೆ ಯಾವ ಔಷಧ ಎಂಬುದು ವೈದ್ಯರಿಗೂ ರೋಗಿಗಳಿಗೂ ತಿಳಿದಿತ್ತು. ಸಾವನ್ನು ಅಳತೆಗೋಲಾಗಿ ಆರಿಸಿಕೊಂಡಿದ್ದರಿಂದ ಇದರಿಂದಾಗುವ ಪಕ್ಷಪಾತ ಕಡಿಮೆ ಎಂಬುದು ಸಂಶೋಧಕರ ಸಮರ್ಥನೆ. ಹೈಡ್ರಾಕ್ಸಿಕ್ಲೋರೋಕ್ವಿನ್‌ನ ಪ್ರಮಾಣ ಅತಿಯಾಗಿತ್ತೆಂಬ ಆಕ್ಷೇಪವೂ ಕೇಳಿಬಂದಿತು. ಡೆಕ್ಸಾಮೆಥಸೋನ್ ಫಲಿತಾಂಶವನ್ನು ಪೂರ್ಣ ಲೇಖನಕ್ಕೂ ಮೊದಲೇ ಪತ್ರಿಕಾ ಪ್ರಕಟಣೆಯ ಮೂಲಕ ತಿಳಿಸಿದ್ದು ಚರ್ಚೆಗೆ ಒಳಗಾಯಿತು. ವಿವರವಾದ ಕರಡು ಲೇಖನ ಕೆಲವೇ ದಿನಗಳಲ್ಲಿ ಹೊರಬಂದಿತು. ಆಸ್ಪತ್ರೆಯ ರೋಗಿಗಳಿಗಷ್ಟೇ ಸೀಮಿತವಾದ ಈ ಫಲಿತಾಂಶಗಳು ಮನೆಯಲ್ಲಿ ಆರೈಕೆ ಪಡೆಯುವವರಿಗೆ ನೇರವಾಗಿ ಅನ್ವಯಿಸುವುದಿಲ್ಲ. ಏಕೀಕೃತ ಸಾರ್ವಜನಿಕ ಆರೋಗ್ಯ ವ್ಯವಸ್ಥೆಯೂ ಪರಸ್ಪರ ಜೋಡಿಸಬಹುದಾದ ದಾಖಲೆಗಳೂ ಇಲ್ಲದ ದೇಶಗಳಲ್ಲಿ ಈ ಮಾದರಿಯನ್ನು ಯಥಾವತ್ತಾಗಿ ಅಳವಡಿಸುವುದು ಕಷ್ಟ.

ಪ್ರಭಾವ

ಕೋವಿಡ್ ಕಾಲದಲ್ಲಿ ಜಗತ್ತಿನಾದ್ಯಂತ ಸಾವಿರಾರು ಪ್ರಯೋಗಗಳು ನೋಂದಣಿಯಾದವು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ತಜ್ಞರು 2021ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಪರಿಶೀಲಿಸಿದ 2,895 ಪ್ರಯೋಗ ವಿಭಾಗಗಳಲ್ಲಿ ಸುಮಾರು ಶೇಕಡ 5ರಷ್ಟು ಮಾತ್ರ ಯಾದೃಚ್ಛಿಕವಾಗಿದ್ದು, ಉಪಯುಕ್ತ ಉತ್ತರ ನೀಡುವಷ್ಟು ದೊಡ್ಡದಾಗಿದ್ದವು. ಉಳಿದವುಗಳಲ್ಲಿ ರೋಗಿಗಳ ಪಾಲ್ಗೊಳ್ಳುವಿಕೆಯಿಂದ ನಿರ್ಣಾಯಕ ಜ್ಞಾನ ದೊರೆಯುವ ಸಂಭವ ಕಡಿಮೆಯಿತ್ತು. ಈ ಹಿನ್ನೆಲೆಯಲ್ಲಿ ರಿಕವರಿ ಮತ್ತು 30 ದೇಶಗಳ 405 ಆಸ್ಪತ್ರೆಗಳಲ್ಲಿ ಮೊದಲ ಫಲಿತಾಂಶಗಳನ್ನು ನೀಡಿದ ಸಾಲಿಡಾರಿಟಿ ಪ್ರಯೋಗಗಳು ಸಹಯೋಗದ ಅಗತ್ಯವನ್ನು ಎತ್ತಿ ತೋರಿಸಿದವು. ಸಾಲಿಡಾರಿಟಿಯಲ್ಲಿ ಭಾರತವೂ ಐಸಿಎಂಆರ್ ಮೂಲಕ ಪಾಲ್ಗೊಂಡಿತ್ತು.

2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆಯು ಚಿಕಿತ್ಸಾ ಪ್ರಯೋಗಗಳನ್ನು ಬಲಪಡಿಸುವ ನಿರ್ಣಯವನ್ನು ಅಂಗೀಕರಿಸಿತು. ಅದಕ್ಕನುಗುಣವಾಗಿ ವಿಶ್ವ ಆರೋಗ್ಯ ಸಂಸ್ಥೆಯು 2024ರ ಸೆಪ್ಟೆಂಬರ್‌ನಲ್ಲಿ ಮಾರ್ಗದರ್ಶಿಯನ್ನು ಹೊರತಂದಿತು. ಔಷಧ ನಿಯಂತ್ರಕರ ಅಂತರರಾಷ್ಟ್ರೀಯ ಸಮನ್ವಯ ಮಂಡಳಿಯು 2025ರ ಜನವರಿಯಲ್ಲಿ ಉತ್ತಮ ಚಿಕಿತ್ಸಾ ಪ್ರಯೋಗ ಪದ್ಧತಿಯ ಪರಿಷ್ಕೃತ ಮಾರ್ಗಸೂಚಿಯನ್ನು ಅಂಗೀಕರಿಸಿತು. ಪ್ರಯೋಗದ ಅಪಾಯಕ್ಕೆ ತಕ್ಕಷ್ಟೇ ನಿಯಮಗಳ ಹೊರೆ ಇರಬೇಕು, ಫಲಿತಾಂಶವನ್ನು ನಿರ್ಧರಿಸುವ ಅಂಶಗಳ ಮೇಲೆ ಗಮನ ಕೇಂದ್ರೀಕರಿಸಬೇಕು ಎಂಬುದು ಅದರ ಮುಖ್ಯ ಆಶಯ.

ಹಾರ್ಬಿ ಮತ್ತು ಲ್ಯಾಂಡ್ರೆ ಅವರಿಗೆ 2021ರಲ್ಲಿ ಬ್ರಿಟನ್ನಿನ ನೈಟ್‌ಹುಡ್ ಪದವಿ ದೊರೆಯಿತು. ರಿಕವರಿ ಪ್ರಯೋಗವು ಇಂಡೋನೇಷ್ಯಾ, ನೇಪಾಳ, ವಿಯೆಟ್ನಾಂ ಮೊದಲಾದ ದೇಶಗಳಿಗೂ ವಿಸ್ತರಿಸಿ, ಒಟ್ಟು 40,000ಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡಿತು. ನಂತರ ಇನ್‌ಫ್ಲುಯೆಂಜಾ ಮತ್ತು ನ್ಯುಮೋನಿಯಾ ರೋಗಗಳ ಚಿಕಿತ್ಸೆಗಳನ್ನೂ ಇದೇ ವೇದಿಕೆಯಲ್ಲಿ ಪರೀಕ್ಷಿಸಲು ಆರಂಭಿಸಲಾಯಿತು.